ತಿದ್ದಬೇಕಾದ ನೋಟ್‌ಬುಕ್‌ಗಳನ್ನು ತೆರೆದೇ ಪಡೆಯಿರಿ
ಆರರಿಂದ ಎಂಟನೆಯ ತರಗತಿಯವರಿಗೆ ಪಾಠ ಮಾಡುವವರು ಮಕ್ಕಳಿಂದ ನೋಟ್‌ಬುಕ್‌ಗಳನ್ನು ಮುಚ್ಚಿ ಪಡೆಯಬೇಡಿ; ತಿದ್ದಬೇಕಾದ ಪುಟವನ್ನು ತೆರೆದು ಒಂದರ ಮೇಲೊಂದು ಹಾಗೆಯೇ ಇಡಲು ಹೇಳಿ. ಹೆಸರಿನ ಚೀಟಿ ಅಡಿಗೆ ಹೋಗುವುದರಿಂದ ಪುಟದ ಬಲ ಮೂಲೆಯಲ್ಲಿ ಹಾಜರಿ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ. ತಿದ್ದುವಾಗ ಹೊತ್ತು ಹೋಗುವುದು ಪುಟ ಹುಡುಕುವುದರಲ್ಲಿ. ಆ ಕೆಲಸ ಮಕ್ಕಳ ಕೈಯಲ್ಲೇ ಮುಗಿದಿರುತ್ತದೆ. ಮನೆಗೆಲಸ ಬರೆಯದವರಿಗೆ ತೆರೆಯಲು ಪುಟವೇ ಇರುವುದಿಲ್ಲ. ಅವರು ಯಾರೆಂದು ಆಗಲೇ ತಿಳಿಯುವುದರಿಂದ, ಬೈಯದೆ ಪಕ್ಕಕ್ಕೆ ಕರೆದು ಕಾರಣ ಕೇಳಬಹುದು. ಸಮಯದ ಉಳಿತಾಯಕ್ಕಿಂತ ನನಗೆ ಇದೇ ದೊಡ್ಡ ಲಾಭ. ಆದರೆ 200 ಪುಟಗಳ ಹೊಸ ಪುಸ್ತಕಗಳಿಗೆ ಇದು ಒಗ್ಗುವುದಿಲ್ಲ: ಅವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ರಾಶಿಯೂ ಜಾರುತ್ತದೆ. ಅಂಥವುಗಳಲ್ಲಿ ಪುಟದ ನಡುವೆ ಉದ್ದನೆಯ ಕಾಗದದ ಪಟ್ಟಿ ಇಡಿಸಿದರೆ ಸಾಕು.