220ನ್ನು ಬಿಚ್ಚಿ ನೋಡೋದು ಹೇಗೆ?

ನಮ್ಮನೆ ಫ್ರಿಜ್ಜಿನ ಸ್ಟೆಬಿಲೈಜರ್ ಮೇಲೆ ಯಾವಾಗ ನೋಡಿದರೂ 220ರ ಆಸುಪಾಸಿನ ಅಂಕಿ. ಒಂದು ಭಾನುವಾರ ಸುಮ್ನೆ ಕೂತಿದ್ದಾಗ ಆ ಸಂಖ್ಯೆಯನ್ನೇ ಹಿಡಿದುಕೊಂಡೆ. ನೀವೂ ಒಂದು ಹಾಳೆ, ಪೆನ್ನು ತಗೊಳ್ಳಿ. ಕ್ಯಾಲ್ಕುಲೇಟರ್ ಬೇಡ.

ಮೊದಲು ಒಡೆಯಿರಿ. ಸಮಸಂಖ್ಯೆ, ಹಾಗಾಗಿ 2ರಿಂದ ಭಾಗಿಸಿ: 110. ಮತ್ತೆ 2ರಿಂದ: 55. ಅದು 5 × 11. ಅಂದರೆ 220 = 2 × 2 × 5 × 11. ಇಷ್ಟು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ, ಮುಂದಿನದ್ದೆಲ್ಲ ಹೆಚ್ಚುಕಮ್ಮಿ ಈ ಸಾಲಿನಿಂದಲೇ ಬರುತ್ತದೆ.

ಈಗ ಯಾವ್ಯಾವ ಸಂಖ್ಯೆ 220ನ್ನು ಶೇಷವಿಲ್ಲದೆ ಭಾಗಿಸುತ್ತವೆ ಅಂತ ಬರೆಯಿರಿ. ಜೋಡಿಜೋಡಿಯಾಗಿ ಬರೆದರೆ ಯಾವುದೂ ಬಿಟ್ಟುಹೋಗಲ್ಲ: 1–220, 2–110, 4–55, 5–44, 10–22, 11–20. 15ರ ವರ್ಗ 225, ಅದು 220ನ್ನು ದಾಟಿತಲ್ವಾ, ಹಾಗಾಗಿ ಜೋಡಿಯ ಚಿಕ್ಕ ಸಂಖ್ಯೆಗೆ 14ರ ತನಕ ಹುಡುಕಿದರೆ ಸಾಕು. ಒಟ್ಟು 12 ಭಾಜಕಗಳು.

220ನ್ನು ಬಿಟ್ಟು ಉಳಿದ ಹನ್ನೊಂದನ್ನು ಕೂಡಿಸಿ. ನಾನು ಮೊದಲ ಸಲ 1ನ್ನು ಮರೆತು 283 ಅಂತ ಬರೆದು, ಇದರಲ್ಲೇನೂ ವಿಶೇಷ ಇಲ್ಲ ಅಂತ ಹಾಳೆ ಪಕ್ಕಕ್ಕಿಟ್ಟಿದ್ದೆ. ಸರಿಯಾದ ಉತ್ತರ 284. ಇದಕ್ಕೂ ಅದನ್ನೇ ಮಾಡಿ: 1 + 2 + 4 + 71 + 142. ಎಷ್ಟು ಬಂತು? 220! ಒಂದರ ಭಾಜಕಗಳನ್ನು ಕೂಡಿಸಿದರೆ ಇನ್ನೊಂದು ಬರುವ ಇಂಥ ಜೋಡಿಗೆ ಸ್ನೇಹ ಸಂಖ್ಯೆಗಳು ಅಂತ ಹೆಸರು. ಇಂಥ ಜೋಡಿಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು.

ಕೂಡಿಸೋಕೆ ಬೇಜಾರಾದರೆ ಅಡ್ಡದಾರಿ ಇದೆ: (1+2+4) × (1+5) × (1+11) = 504. ಅದರಲ್ಲಿ 220 ಕಳೆದರೆ ಮುಗೀತು.

ಅಂಕಿಗಳ ಮೊತ್ತ 2 + 2 + 0 = 4, ಅದು 220ನ್ನು ಪೂರ್ತಿ ಭಾಗಿಸುತ್ತದೆ. ಇಂಥವಕ್ಕೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ನಿಜ ಹೇಳಬೇಕಂದ್ರೆ ಈ ಗುಣ ನನಗೆ ಅಷ್ಟೇನೂ ದೊಡ್ಡದು ಅನಿಸಲ್ಲ, ಯಾಕಂದ್ರೆ ಅದು ನಾವು ಹತ್ತರ ಲೆಕ್ಕದಲ್ಲಿ ಬರೆಯೋದರಿಂದ ಬಂದದ್ದು.

ವರ್ಗಗಳ ಆಟ ಮಾತ್ರ ಗಟ್ಟಿ. 220ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯೋಕೆ ಆಗಲ್ಲ. 11ನ್ನು 4ರಿಂದ ಭಾಗಿಸಿದರೆ ಶೇಷ 3, ಅಂಥ ಅವಿಭಾಜ್ಯ ಒಂಟಿಯಾಗಿ ಕೂತಿದ್ದರೆ ದಾರಿ ಬಂದ್. ಮೂರು ವರ್ಗ? 220ರಿಂದ 4ನ್ನು ಹೊರತೆಗೆಯಿರಿ, ಉಳಿದ 55ನ್ನು 8ರಿಂದ ಭಾಗಿಸಿ. ಶೇಷ 7 ಬಂತು, ಅದೂ ಆಗಲ್ಲ. ನಾಲ್ಕು ವರ್ಗ ಯಾವ ಸಂಖ್ಯೆಗಾದರೂ ಸಾಕು ಅಂತ ಗಣಿತಜ್ಞ ಲಗ್ರಾಂಜ್ 1770ರಲ್ಲೇ ಸಾಧಿಸಿದ್ದಾನೆ, ಇಲ್ಲಿ 14² + 4² + 2² + 2².

ಮೂಸಂಬಿಯನ್ನು ಮೂರು ಮೂಲೆಯ ಗೋಪುರದ ಹಾಗೆ ಪೇರಿಸಿ ನೋಡಿ: ತುದಿಗೆ 1, ಕೆಳಗೆ 3, ಆಮೇಲೆ 6, 10... ಹತ್ತನೇ ಸಾಲಿಗೆ 55. ಒಟ್ಟು ಹಣ್ಣು ಸರಿಯಾಗಿ 220.

ಕೈ ಪಳಗಿದ ಮೇಲೆ 1184 ಹಿಡಿಯಿರಿ. ಅದರ ಗೆಳೆಯ 1210. ಗಣಿತಜ್ಞ ಆಯ್ಲರ್ ಡಜನ್‌ಗಟ್ಟಲೆ ಜೋಡಿ ಹುಡುಕಿದರೂ ಇಷ್ಟು ಚಿಕ್ಕ ಜೋಡಿ ಅವನ ಕಣ್ಣು ತಪ್ಪಿಸಿತ್ತು. 1866ರಲ್ಲಿ ಅದನ್ನು ಹಿಡಿದವನು ಇಟಲಿಯ 16 ವರ್ಷದ ಹುಡುಗ. ಒಡೆಯುವಾಗ 37 ಎದುರಾಗುತ್ತದೆ, ಗಾಬರಿ ಬೇಡ.