ಬತ್ತಿ ಕೋವಿ, 16 ಅಡಿ ಈಟಿ: ನನ್ನ ಅನುಭವ

ಇಂಗ್ಲೆಂಡಿನಲ್ಲಿ 1642ರಿಂದ 1651ರವರೆಗೆ ರಾಜನಿಗೂ ಪಾರ್ಲಿಮೆಂಟಿಗೂ ನಡುವೆ ನಡೆದ ಸಿವಿಲ್ ವಾರ್‌ನ ಕಾಳಗಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ತಂಡಗಳು ಇಲ್ಲಿ ಹಲವಾರಿವೆ. ಬ್ರಿಸ್ಟಲ್ ಕಡೆಯ ಅಂಥದ್ದೊಂದು ತಂಡಕ್ಕೆ ನಾನು ಸೇರಿದ್ದು ಒಂದು ಪ್ರಶ್ನೆ ಇಟ್ಟುಕೊಂಡು. ಕೋವಿ ಬಂದ ಮೇಲೂ ಉದ್ದ ಈಟಿ ಹಿಡಿದ ಪೈಕ್‌ಮನ್‌ಗಳು ಅಷ್ಟೊಂದು ವರ್ಷ ಯಾಕೆ ಉಳಿದರು? ಗುಂಡು ಹಾರಿಸುವವರು ಇದ್ದಾಗ ಕೋಲು ಹಿಡಿದವರು ಯಾಕೆ ಬೇಕು? ಓದಿ ತಿಳಿದದ್ದು ಸ್ವಲ್ಪ. ಎರಡನ್ನೂ ಕೈಯಲ್ಲಿ ಹಿಡಿದ ಮೇಲೆ ತಿಳಿದದ್ದು ಜಾಸ್ತಿ.

ಅದಕ್ಕೂ ಮೊದಲು ಬಿಲ್ಲಿನ ಮಾತು. ಇಂಗ್ಲಿಷರ ಉದ್ದಬಿಲ್ಲು ಲೋಕಪ್ರಸಿದ್ಧ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲು ಸಿಕ್ಕವು, ಪೋರ್ಟ್ಸ್‌ಮತ್‌ನಲ್ಲಿ ಈಗಲೂ ನೋಡಬಹುದು. ಅವನ್ನು ಎಳೆಯಲು 100 ಪೌಂಡ್‌ಗೂ ಮೇಲ್ಪಟ್ಟ ಬಲ ಬೇಕಿತ್ತು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ನಾನು 40 ಪೌಂಡ್ ಬಿಲ್ಲು ಎಳೆದು ನೋಡಿದ್ದೇನೆ. ಹತ್ತಿಪ್ಪತ್ತು ಬಾಣಕ್ಕೇ ಭುಜ ಸೋತುಹೋಗುತ್ತದೆ. ಅಂಥ ಬಿಲ್ಲುಗಾರ ಬೇಕೆಂದರೆ ಹುಡುಗನಿದ್ದಾಗಿನಿಂದಲೇ ಪಳಗಿಸಬೇಕು. ಕೋವಿ ಹಾಗಲ್ಲ, ಕೆಲವು ವಾರಗಳ ಕವಾಯತು ಸಾಕು. 1595ರಲ್ಲಿ ರಾಣಿ ಎಲಿಜಬೆತ್‌ಳ ಮಂತ್ರಿಮಂಡಲ ನಾಡಪಡೆಗಳಲ್ಲಿ ಬಿಲ್ಲನ್ನು ಇನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಿತು. ಬಿಲ್ಲಿಗಿಂತ ಕೋವಿ ನಿಖರ ಅಂತಲ್ಲ, ಬೇಗ ಅಂತೂ ಅಲ್ಲವೇ ಅಲ್ಲ. ಅದನ್ನು ಹಿಡಿಯುವವರನ್ನು ತಯಾರು ಮಾಡುವುದು ಸುಲಭವಾಗಿತ್ತು.

ನಮ್ಮ ತಂಡದಲ್ಲಿ ಹೊಸಬರಿಗೆ ಮೊದಲು ಈಟಿಯನ್ನೇ ಕೊಡುತ್ತಾರೆ. 16 ಅಡಿ ಉದ್ದ, ಆಶ್ ಮರದ ಕೋಲು. ನೆಟ್ಟಗೆ ಹಿಡಿದು ನಿಂತರೆ ಗಾಳಿ ಅದರ ತುದಿಯನ್ನು ಜಗ್ಗುತ್ತದೆ. ಅಡ್ಡ ಮಾಡಿ ಮುಂದಕ್ಕೆ ಚಾಚಿದರೆ ಭಾರವೆಲ್ಲ ಮುಂದಿನ ತುದಿಗೆ ಹೋಗಿ ಮುಂಗೈ ನಡುಗುತ್ತದೆ. ಆಗಿನ ಸೈನಿಕರು ಕದ್ದುಮುಚ್ಚಿ ಒಂದೆರಡು ಅಡಿ ಕತ್ತರಿಸಿ ಹಾಕುತ್ತಿದ್ದರು, ಅಧಿಕಾರಿಗಳು ಅದಕ್ಕೆ ರೇಗುತ್ತಿದ್ದರು. ಯಾಕೆ ಕತ್ತರಿಸುತ್ತಿದ್ದರು ಅಂತ ಯಾರೂ ನನಗೆ ವಿವರಿಸಬೇಕಾಗಿಲ್ಲ.

ಕುದುರೆ ಪಡೆ ಬಂದಾಗ ನಿಲ್ಲುವ ಭಂಗಿಯೇ ಬೇರೆ. ಈಟಿಯ ಬುಡವನ್ನು ಬಲಗಾಲಿಗೆ ಒತ್ತಿ ನೆಲಕ್ಕೆ ಊರಬೇಕು. ಎಡಮೊಣಕಾಲು ಬಾಗಿಸಿ, ಎಡಗೈಯಲ್ಲಿ ಈಟಿಯನ್ನು ಕುದುರೆಯ ಎದೆಮಟ್ಟಕ್ಕೆ ಹಿಡಿದು, ಬಲಗೈಯಿಂದ ಕತ್ತಿ ಹಿರಿಯಬೇಕು. ಹೀಗೆ ಒತ್ತೊತ್ತಾಗಿ ನಿಂತ ಸಾಲಿನ ಮೇಲೆ ಕುದುರೆ ನುಗ್ಗುವುದಿಲ್ಲ. ಆ ಸಾಲಿನೊಳಗೆ ನಿಂತು ಎದುರಿಗೆ ಕುದುರೆಗಳು ಬರುವುದನ್ನು ನೋಡಿದಾಗ ನನಗೆ ಧೈರ್ಯ ಬಂದದ್ದು ಈಟಿಯಿಂದಲ್ಲ, ಎರಡೂ ಪಕ್ಕದಲ್ಲಿ ತಾಗುತ್ತಿದ್ದ ಭುಜಗಳಿಂದ.

ಆಮೇಲೆ ಕೋವಿ ಸಿಕ್ಕಿತು. ಇದು ಬತ್ತಿ ಕೋವಿ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ತುಂಬುವುದನ್ನು ನೋಡಿದವರಿಗೆ ಅರ್ಧ ಕೆಲಸ ಗೊತ್ತು: ನಳಿಗೆಯ ಬಾಯಿಂದ ಮದ್ದು, ಗುಂಡು, ಮೇಲಿಂದ ಗಜಕೋಲಿನಲ್ಲಿ ಜಡಿಯುವುದು. ಇಲ್ಲಿ ಕೇಪು ಇಲ್ಲ. ಬೆಂಕಿ ಬರುವುದು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿಯಿಂದ. ಅದರ ತುದಿ ಊದುಬತ್ತಿಯ ಹಾಗೆ ಸದಾ ಕನಲುತ್ತಿರಬೇಕು. ಒಂದು ತುದಿ ಆರಿದರೆ ಇರಲಿ ಅಂತ ಎರಡೂ ತುದಿಗೆ ಬೆಂಕಿ ಹಚ್ಚಿ ಎಡಗೈ ಬೆರಳುಗಳ ಸಂದಿಯಲ್ಲಿ ಹಿಡಿಯುತ್ತೇವೆ.

ಮೊದಲು ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಚೂರು ಮದ್ದು ಹಾಕಿ ಮುಚ್ಚಳ ಎಳೆಯಬೇಕು. ಹೊರಗೆ ಚೆಲ್ಲಿದ ಕಾಳುಗಳನ್ನು ಉಫ್ ಎಂದು ಊದಿ ತೆಗೆಯಬೇಕು. ಊದದಿದ್ದರೆ ಬತ್ತಿ ಹತ್ತಿರ ತಂದ ಕೂಡಲೇ ಭುಸ್ ಎನ್ನುತ್ತದೆ. ಎದೆಗೆ ಅಡ್ಡ ಹಾಕಿದ ಪಟ್ಟಿಯಲ್ಲಿ ಮರದ ಸೀಸೆಗಳು ನೇತಾಡುತ್ತವೆ, ಒಂದೊಂದರಲ್ಲೂ ಒಂದು ಸಲಕ್ಕೆ ಬೇಕಾದಷ್ಟು ಮದ್ದು. ಅದನ್ನು ನಳಿಗೆಗೆ ಸುರಿಯಬೇಕು. ನಾವು ಗುಂಡು ಹಾಕುವುದಿಲ್ಲ, ಅವರು ಹಾಕುತ್ತಿದ್ದರು. ಆಮೇಲೆ ಬತ್ತಿಯನ್ನು ಅದನ್ನು ಕಚ್ಚಿ ಹಿಡಿಯುವ ಕೀಲಿಗೆ ಸಿಕ್ಕಿಸಿ, ಅದು ಸರಿಯಾಗಿ ಬಟ್ಟಲಿನ ಮೇಲೇ ಬೀಳುತ್ತದಾ ನೋಡಿ, ಬೂದಿ ಊದಿ, ಮುಚ್ಚಳ ತೆರೆದು ಅಪ್ಪಣೆಗೆ ಕಾಯಬೇಕು. ‘ಮೇಕ್ ರೆಡಿ’ (ಸಿದ್ಧರಾಗಿ), ‘ಪ್ರೆಸೆಂಟ್’ (ಗುರಿ ಹಿಡಿಯಿರಿ), ‘ಗಿವ್ ಫೈರ್’ (ಹಾರಿಸಿ). ಇಷ್ಟು ಹೊತ್ತೂ ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಕೆಂಡ. ಮೈಯೆಲ್ಲಾ ಕಣ್ಣಾಗಿರಬೇಕು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಪಕ್ಕದವನ ಬೆಂಕಿ ನನ್ನ ಎದೆಯ ಮದ್ದಿಗೆ ತಾಗಬಾರದು ಎಂದರೆ ನಡುವೆ ಜಾಗ ಬೇಕು. ಹಾಗಾಗಿ ಬತ್ತಿ ಕೋವಿಯವರು ಮೂರಡಿಯಷ್ಟು ಬಿಟ್ಟು ನಿಲ್ಲುತ್ತಿದ್ದರು. ಆ ಸಂದಿ ಕುದುರೆಗೆ ಬಾಗಿಲು ತೆರೆದಿಟ್ಟಂತೆ. ಸಾಲದ್ದಕ್ಕೆ ಒಮ್ಮೆ ಹಾರಿಸಿದ ಮೇಲೆ ಮತ್ತೆ ತುಂಬುವವರೆಗೆ ಕೈ ಖಾಲಿ. ಆ ಹೊತ್ತಿನಲ್ಲಿ ಅವರನ್ನು ಕಾಯಲು ಈಟಿಯವರು ಬೇಕೇ ಬೇಕಿತ್ತು. ಇಬ್ಬರು ಕೋವಿಯವರಿಗೆ ಒಬ್ಬ ಈಟಿಯವನು ಎನ್ನುವ ಆಗಿನ ಲೆಕ್ಕ ಬಂದದ್ದು ಹೀಗೆ. ಗುಂಡಿನ ದಾಳಿ ನಿಲ್ಲದಿರಲು ಡಚ್ಚರು ಒಂದು ಉಪಾಯ ಕಂಡುಕೊಂಡಿದ್ದರು: ಮುಂದಿನ ಸಾಲು ಹಾರಿಸಿ ಹಿಂದಕ್ಕೆ ಹೋಗಿ ತುಂಬಿಕೊಳ್ಳುವುದು. ಸ್ವೀಡನ್ನಿನವರು ಮೂರು ಸಾಲನ್ನು ಒಟ್ಟಿಗೇ ಹಾರಿಸಿದರು. ಒಬ್ಬ ಮಂಡಿಯೂರಿ, ಒಬ್ಬ ಬಾಗಿ, ಒಬ್ಬ ನಿಂತು. ಇಂಗ್ಲಿಷರು ಎರಡನ್ನೂ ಕಲಿತರು. ನಾವು ಮೂರು ಸಾಲು ಒಟ್ಟಿಗೆ ಹಾರಿಸಿದಾಗ ಹೊಗೆ ಕವಿದು ಎದುರಿನವರು ಕಾಣುವುದೇ ಇಲ್ಲ.

ಇದೆಲ್ಲ ನೆಲದ ಮೇಲೆ ಹೇಗಿತ್ತು ಎಂದು ತಿಳಿಯಲು ಬಾತ್ ಊರಿನ ಪಕ್ಕದ ಲ್ಯಾನ್ಸ್‌ಡೌನ್ ಗುಡ್ಡ ಹತ್ತಿ ನೋಡಿ. 1643ರ ಜುಲೈ 5ರಂದು ಪಾರ್ಲಿಮೆಂಟ್ ಕಡೆಯ ವಾಲರ್ ಮೇಲೆ ಕೂತಿದ್ದ. ರಾಜನ ಕಡೆಯ ಕಾರ್ನ್‌ವಾಲ್ ಕಾಲಾಳುಗಳು ಕೆಳಗಿನಿಂದ ಹತ್ತಿದರು. ಸರ್ ಬೆವಿಲ್ ಗ್ರೆನ್‌ವಿಲ್‌ನ ಈಟಿಪಡೆ ಗುಡ್ಡದ ಅಂಚಿನಲ್ಲಿ ನಿಂತು ಕುದುರೆ ದಾಳಿಗಳನ್ನು ತಡೆಯಿತು. ಗ್ರೆನ್‌ವಿಲ್ ಅಲ್ಲಿ ಆದ ಗಾಯದಿಂದಲೇ ಸತ್ತ, ಅವನ ಸ್ಮಾರಕ ಇನ್ನೂ ಇದೆ. ಬರೀ ಕೈಯಲ್ಲಿ ಹತ್ತಿದರೂ ಏದುಸಿರು ಬರುವ ಏರು ಅದು. ರಾತ್ರಿ ವಾಲರ್ ಉರಿಯುವ ಬತ್ತಿಗಳನ್ನು ಕಲ್ಲುಗೋಡೆಯ ಮೇಲೆ ಬಿಟ್ಟು ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಕೆಳಗಿನವರಿಗೆ ಸೈನಿಕರು ಇನ್ನೂ ನಿಂತಿದ್ದಾರೆ ಅನ್ನಿಸಬೇಕು, ಅಷ್ಟೇ. ಮರುದಿನ ರಾಜನ ಕಡೆಯ ಮದ್ದಿನ ಗಾಡಿ ಸಿಡಿದು ಸೇನಾಪತಿ ಹಾಪ್ಟನ್ ಮೈ ಸುಟ್ಟುಕೊಂಡು, ಕೆಲ ಕಾಲ ಕಣ್ಣು ಕಾಣದಂತಾದ. ಆಮೇಲೆ ಅವನ ಪಡೆ ಡಿವೈಜಸ್ ಊರಿನಲ್ಲಿ ಸಿಕ್ಕಿಬಿದ್ದಾಗ ಬತ್ತಿಯೂ ಮುಗಿಯಿತು. ಮನೆಮನೆಯ ಮಂಚದ ಹಗ್ಗ ಬಿಚ್ಚಿಸಿ ತಂದು, ಅದನ್ನೇ ಕುದಿಸಿ ಬತ್ತಿ ಮಾಡಿದರು!

ಕುದುರೆ ಪಡೆಯ ಬಗ್ಗೆ ಒಂದೇ ಮಾತು. 1642ರಲ್ಲಿ ಎಜ್‌ಹಿಲ್‌ನಲ್ಲಿ ರಾಜನ ಕಡೆಯ ರಾಜಕುಮಾರ ರೂಪರ್ಟ್‌ನ ಕುದುರೆಗಳು ಎದುರಾಳಿಯನ್ನು ಓಡಿಸುತ್ತಾ ತಾವೂ ದೂರ ಹೋಗಿಬಿಟ್ಟವು. 1645ರಲ್ಲಿ ನೇಸ್‌ಬಿಯಲ್ಲಿ ಮತ್ತೆ ಅದೇ ಆಯಿತು. ಪಾರ್ಲಿಮೆಂಟ್ ಕಡೆಯ ಕ್ರಾಮ್‌ವೆಲ್ ಮಾತ್ರ ತನ್ನ ಸವಾರರನ್ನು ತಡೆದು, ತಿರುಗಿಸಿ, ರಾಜನ ಕಾಲಾಳುಗಳ ಮೇಲೆ ಬಿದ್ದ. ಆಯುಧ ಹೆಚ್ಚುಕಮ್ಮಿ ಒಂದೇ, ಶಿಸ್ತು ಬೇರೆ.

ಮದ್ದಿನ ಗಾಡಿ ಕಾಯುವವರಿಗೆ ಆಗಲೇ ಚಕಮಕಿ ಕಲ್ಲಿನ ಕೋವಿ ಕೊಡುತ್ತಿದ್ದರು, ಅದಕ್ಕೆ ಉರಿಯುವ ಬತ್ತಿ ಬೇಡವಲ್ಲ. ಬೆಲೆ ಜಾಸ್ತಿ ಅಂತ ಎಲ್ಲರಿಗೂ ಸಿಗಲಿಲ್ಲ. ಅದು ಎಲ್ಲರ ಕೈಗೆ ಬಂದಾಗ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಸಾಧ್ಯವಾಯಿತು. ಈಟಿಯ ಕೆಲಸ ಕೋವಿಯ ತುದಿಗೆ ಸಿಕ್ಕಿಸುವ ಚೂರಿಗೆ, ಅಂದರೆ ಬಯೊನೆಟ್‌ಗೆ ಬಂತು. ಮೊದಲ ಬಯೊನೆಟ್ ನಳಿಗೆಯ ಬಾಯಿಗೇ ತುರುಕುವಂಥದ್ದು. ತುರುಕಿದ ಮೇಲೆ ಹಾರಿಸುವ ಹಾಗಿಲ್ಲ. 1689ರಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರ್ಯಾಂಕಿಯಲ್ಲಿ ಸರ್ಕಾರಿ ಸೈನಿಕರು ಅದನ್ನು ಸಿಕ್ಕಿಸುವಷ್ಟರಲ್ಲಿ ದಂಗೆ ಎದ್ದ ಗುಡ್ಡನಾಡಿನ ಹೈಲ್ಯಾಂಡಿನವರು ಕತ್ತಿ ಹಿಡಿದು ಮೇಲೆ ಬಿದ್ದರು. ನಳಿಗೆಯ ಸುತ್ತ ಕೂರುವ ಬಯೊನೆಟ್ ಬಂದ ಮೇಲೆ, 1700ರ ಮೊದಲ ವರ್ಷಗಳಲ್ಲಿ, ಈಟಿ ಇಂಗ್ಲಿಷ್ ಕಾಲಾಳು ಪಡೆಯಿಂದ ಹೊರಟುಹೋಯಿತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದವರ ಕೈಯಲ್ಲಿದ್ದದ್ದು ಈ ಚಕಮಕಿ ಕೋವಿ ಮತ್ತು ಬಯೊನೆಟ್ಟೇ.

ಇಂಗ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಸೇರುವುದಿದ್ದರೆ ಈಟಿಯಿಂದಲೇ ಶುರು ಮಾಡಿ. ಕೋವಿಗೆ ಶಾಟ್‌ಗನ್ ಸರ್ಟಿಫಿಕೇಟ್ ಬೇಕು, ಮದ್ದು ಇಟ್ಟುಕೊಳ್ಳಲು ಬೇರೆ ಸರ್ಟಿಫಿಕೇಟ್, ಎರಡಕ್ಕೂ ಪೊಲೀಸರಿಗೇ ಅರ್ಜಿ ಹಾಕಬೇಕು. ಬಟ್ಟೆ ಮಾತ್ರ ಉಣ್ಣೆಯದೇ ಹೊಲಿಸಿ. ಬತ್ತಿಯ ಕಿಡಿ ಉಣ್ಣೆಯ ಮೇಲೆ ಬಿದ್ದರೆ ಸುಟ್ಟ ಗುರುತಾಗುತ್ತದೆ, ನೈಲಾನ್ ಮೇಲೆ ಬಿದ್ದರೆ ಕರಗಿ ಮೈಗೇ ಅಂಟುತ್ತದೆ.