ಏಳು ಆಪ್, ಒಂದೇ ಟ್ಯಾಗ್ ಜಾರ್: ನನ್ನ ಅನುಭವ

ಜೆಎಸ್‌ಪಿ (ಜಾವಾದಲ್ಲಿ ವೆಬ್ ಪೇಜ್ ಬರೆಯೋ ಹಳೇ ವಿಧಾನ) ಇನ್ನೂ ಯಾರು ಬಳಸ್ತಾರೆ ಅನ್ನೋರಿಗೆ ಮೊದಲೇ ಹೇಳ್ಬಿಡ್ತೀನಿ, ದುಡ್ಡು ಕೊಡೋ ಕ್ಲೈಂಟ್ ಬಳಸ್ತಾರೆ, ಸಾಕಲ್ವಾ. ಏಳು ಆಪು, ಎಲ್ಲಾ ಸೇರಿ 600ರ ಆಸುಪಾಸು ಪೇಜು, ಪ್ರತಿ ಆಪಲ್ಲೂ ಅದೇ ಕಸ್ಟಮ್ ಟ್ಯಾಗ್‌ಗಳ (ಪೇಜಲ್ಲಿ ಮತ್ತೆ ಮತ್ತೆ ಬಳಸೋಕೆ ನಾವೇ ಮಾಡ್ಕೊಂಡ ತುಣುಕುಗಳು) ಒಂದೊಂದು ಕಾಪಿ, ಒಂದರಲ್ಲಿ ಫಿಕ್ಸ್ ಮಾಡಿದ ಬಗ್ ಇನ್ನೊಂದರಲ್ಲಿ ಹಾಗೇ ಇರೋದು. ಎಲ್ಲಾ ಟ್ಯಾಗನ್ನೂ ಒಂದೇ ಜಾರಿಗೆ (ಜಾವಾ ಕೋಡ್ ಕಟ್ಟಿಡೋ ಫೈಲಿಗೆ) ಹಾಕೋಣ ಅಂದಾಗ ಟೀಮಲ್ಲಿ ನಕ್ರು, ಪೂರ್ತಿ ರೀರೈಟ್ ಮಾಡ್ದೆ ಆಗಲ್ಲ ಅಂದ್ರು. ರೀರೈಟ್ ಕೊಟೇಶನ್ ಎರಡು ವರ್ಷದ ಮೆಂಟೆನೆನ್ಸ್ ದುಡ್ಡನ್ನೂ ದಾಟ್ತು, ಕ್ಲೈಂಟ್ ಗಪ್‌ಚುಪ್. ಆಗ ನನ್ನ ಪಾಳಿ ಬಂತು.

ಟಿಎಲ್‌ಡಿ, ಅಂದ್ರೆ ಟ್ಯಾಗ್‌ಗಳ ವಿವರ ಇರೋ ಫೈಲ್‌ಗಳು, ಎಲ್ಲಾ ಜಾರ್ ಒಳಗಿನ ಮೆಟಾ-ಇನ್ಫ್ ಫೋಲ್ಡರಿಗೆ ಹೋಯ್ತು, ಇದು ಎಲ್ರಿಗೂ ಗೊತ್ತಿರೋದೇ. ತಲೆನೋವು ಟ್ಯಾಗ್ ಫೈಲ್‌ಗಳದ್ದು (ಜಾವಾ ಬದಲು ಜೆಎಸ್‌ಪಿಲೇ ಬರೆದ ಟ್ಯಾಗ್). ಆಪಿನ ವೆಬ್-ಇನ್ಫ್ ಫೋಲ್ಡರ್ ಒಳಗಿದ್ದಾಗ ಟ್ಯಾಗ್‌ಡಿರ್ ಅಂತ ಫೋಲ್ಡರ್ ತೋರಿಸಿದ್ರೆ ಸಾಕಿತ್ತು, ಜಾರಿಗೆ ಬಂದ್ಮೇಲೆ ಮೆಟಾ-ಇನ್ಫ್ ಟ್ಯಾಗ್ಸ್ ಒಳಗಿಟ್ಟು ಒಂದೊಂದನ್ನೂ ಟಿಎಲ್‌ಡಿಲಿ ಬರೀಲೇಬೇಕು. ನಮ್ದು 40 ಚಿಲ್ರೆ ಫೈಲ್, ಅದನ್ನ ಬಿಲ್ಡ್ ಟೈಮಲ್ಲೇ ಬರೆಯೋಕೆ ಒಂದು ಸ್ಕ್ರಿಪ್ಟ್ ಇದೆ, ಇಲ್ಲಿ ಹಾಕಲ್ಲ, ಅದು ನನ್ನ ಅನ್ನ.

ಡೆಪ್ಲಾಯ್ ಮಾಡಿದ್ರೆ ಯುಆರ್‌ಐ (ಪೇಜು ಟಿಎಲ್‌ಡಿನ ಕರೆಯೋ ಹೆಸರು) ರಿಸಾಲ್ವ್ ಆಗ್ತಿಲ್ಲ ಅಂತ ಅದೇ ಹಳೇ ಎರರ್. ಜಾರ್ ಸರಿಯಾಗೇ ಇತ್ತು, ನೋಡಿದ್ರೆ ಯಾರೋ ಪುಣ್ಯಾತ್ಮರು ಸ್ಟಾರ್ಟಪ್ ಬೇಗ ಆಗ್ಲಿ ಅಂತ ಟಾಮ್‌ಕ್ಯಾಟ್‌ನ (ಜೆಎಸ್‌ಪಿ ಓಡಿಸೋ ಸರ್ವರ್) ಕ್ಯಾಟಲೀನಾ ಪ್ರಾಪರ್ಟೀಸ್ ಸೆಟ್ಟಿಂಗ್ ಫೈಲಲ್ಲಿ ಎಲ್ಲಾ ಜಾರನ್ನೂ ಸ್ಕಿಪ್ ಲಿಸ್ಟಿಗೆ, ಅಂದ್ರೆ ಟ್ಯಾಗ್ ಹುಡುಕದೆ ಬಿಡೋ ಪಟ್ಟಿಗೆ, ಹಾಕಿದ್ರು! ಸ್ಕಿಪ್ ಹಾಗೇ ಬಿಟ್ಟು, ಸ್ಕ್ಯಾನ್ ಲಿಸ್ಟಲ್ಲಿ ನಮ್ಮ ಜಾರ್ ಮತ್ತೆ ಜೆಎಸ್‌ಟಿಎಲ್ (ಸ್ಟ್ಯಾಂಡರ್ಡ್ ಟ್ಯಾಗ್‌ಗಳ ಜಾರ್) ಹೆಸರು ಸೇರಿಸ್ದೆ, ಟ್ಯಾಗೂ ಸಿಕ್ತು, ಸ್ಟಾರ್ಟಪ್ಪೂ ಬೇಗಾನೇ ಉಳೀತು.

600 ಪೇಜಲ್ಲೂ ಟ್ಯಾಗ್‌ಲಿಬ್ ಲೈನ್ (ಟ್ಯಾಗ್ ಇಂಪೋರ್ಟ್ ಮಾಡೋ ಸಾಲು) ಬದಲಾಯಿಸೋದು ಆಗದ ಮಾತು. ಆಪಿನ ಸೆಟ್ಟಿಂಗ್ ಫೈಲ್ ವೆಬ್ ಎಕ್ಸ್‌ಎಂಎಲ್‌ನ ಜೆಎಸ್‌ಪಿ ಪ್ರಾಪರ್ಟಿ ಗ್ರೂಪಲ್ಲಿ ಇನ್‌ಕ್ಲೂಡ್-ಪ್ರಿಲ್ಯೂಡ್ (ಪ್ರತಿ ಪೇಜಿನ ಮೊದಲಿಗೆ ತಾನಾಗೇ ಒಂದು ಫೈಲ್ ಸೇರಿಸೋದು) ಕೊಟ್ಟೆ, ಒಂದೇ ಫೈಲಲ್ಲಿ ಎಲ್ಲಾ ಇಂಪೋರ್ಟು. ಇದು ಕೆಲಸ ಮಾಡಲ್ಲ ಅಂತ ಬೆಟ್ ಕಟ್ಟಿದೋರೂ ಇದ್ರು. ಕೆಲವು ಪೇಜಲ್ಲಿ ಅದೇ ಪ್ರಿಫಿಕ್ಸಿಗೆ (ಟ್ಯಾಗ್ ಹೆಸರಿನ ಮುಂದಿನ ಗುರುತು) ಬೇರೆ ಯುಆರ್‌ಐ ಇದ್ದಿದ್ರಿಂದ ಕಂಪೈಲ್ ಆಗ್ಲಿಲ್ಲ, ನಿಜ, ಆದ್ರೆ ಅವು 30 ಮೇಲಿರ್ಲಿಲ್ಲ, ಕೈಯಲ್ಲೇ ತೆಗೆದೆ. ಒಂದು ನೆನಪಿಡಿ, ಪ್ರಿಲ್ಯೂಡ್ ಟ್ಯಾಗ್ ಫೈಲ್‌ಗಳಿಗೆ ತಾಗಲ್ಲ, ಅಲ್ಲಿ ಇಂಪೋರ್ಟ್ ಅಲ್ಲಲ್ಲೇ ಬರೀಬೇಕು. ಬರೀದಿದ್ರೆ ಎರರ್ ಕೂಡ ಬರಲ್ಲ, ಟ್ಯಾಗು ಹಸಿಹಸಿಯಾಗಿ ಬ್ರೌಸರಿಗೇ ಹೋಗತ್ತೆ, ಬ್ರೌಸರ್ ಅದನ್ನ ಕ್ಯಾರೇ ಅನ್ನಲ್ಲ, ಪೇಜಲ್ಲಿ ಬಟನ್ ಇಲ್ಲ ಅಂತ ಫೋನ್ ಬರತ್ತೆ ಅಷ್ಟೇ. ಸಾಮಾನ್ಯ ಪೇಜುಗಳಿಗೆ ಎರರ್-ಆನ್-ಅನ್‌ಡಿಕ್ಲೇರ್ಡ್-ನೇಮ್‌ಸ್ಪೇಸ್ ಟ್ರೂ ಮಾಡ್ಕೊಳ್ಳಿ, ಇಂಪೋರ್ಟ್ ಆಗದ ಟ್ಯಾಗ್ ಸಿಕ್ರೆ ಎರರ್ ಕೊಡತ್ತೆ, ಸರ್ವ್ಲೆಟ್ (ಜಾವಾ ವೆಬ್ ಸ್ಟ್ಯಾಂಡರ್ಡ್) 3.0 ಕಾಲದಿಂದ ಇದೆ, ಬಳಸೋರನ್ನ ನಾನಂತೂ ನೋಡಿಲ್ಲ.

ಮಧ್ಯೆ ಒಂದು ಪ್ರಯೋಗ. ಹಳೇ ಟೋಟಲ್ ಟ್ಯಾಗೊಂದು ರಿಫ್ರೆಶ್ ಮಾಡಿದಷ್ಟೂ ಮೊತ್ತ ಏರಿಸ್ತಿತ್ತು. ಟಾಮ್‌ಕ್ಯಾಟ್ ಹ್ಯಾಂಡ್ಲರನ್ನ (ಟ್ಯಾಗಿನ ಕೆಲಸ ಮಾಡೋ ಜಾವಾ ಆಬ್ಜೆಕ್ಟ್) ಬಿಸಾಕದೆ ಪೂಲಲ್ಲಿಟ್ಟು ಮತ್ತೆ ಕೊಡತ್ತೆ, ಒಳಗಿನ ಫೀಲ್ಡನ್ನ ಸೊನ್ನೆ ಮಾಡೋ ಕೋಡೇ ಇರ್ಲಿಲ್ಲ. ಪೂಲಿಂಗ್ ಆಫ್ ಮಾಡಿ ನೋಡ್ದೆ, ಟೋಟಲ್ ಸರಿಹೋಯ್ತು, ಸ್ಪೀಡಲ್ಲಿ ನನ್ನ ಕಣ್ಣಿಗೆ ಬೀಳೋ ವ್ಯತ್ಯಾಸ ಇರ್ಲಿಲ್ಲ. ಆದ್ರೂ ಅದನ್ನ ಬಿಟ್ಟು ಟ್ಯಾಗನ್ನೇ ಸಿಂಪಲ್‌ಟ್ಯಾಗ್‌ಸಪೋರ್ಟ್ ಅನ್ನೋ ಕ್ಲಾಸಿಗೆ ತಂದೆ, ಅದು ಪ್ರತಿ ಸಲ ಹೊಸ ಇನ್‌ಸ್ಟನ್ಸು, ಹಳೇ ಲೆಕ್ಕ ಉಳಿಯೋ ಪ್ರಶ್ನೇನೇ ಇಲ್ಲ.

ಟಾಮ್‌ಕ್ಯಾಟ್ 10ರಿಂದ ಪ್ಯಾಕೇಜ್ ಹೆಸರಲ್ಲಿ ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದ್ದಕ್ಕೆ ಅದೇ ಜಾರ್ ಎರಡೂ ಕಡೆ ನಡೆಯಲ್ಲ. ಟಾಮ್‌ಕ್ಯಾಟ್‌ನೋರದ್ದೇ ಮೈಗ್ರೇಶನ್ ಟೂಲ್ ಬಿಲ್ಡಲ್ಲಿ ಸೇರಿಸ್ದೆ, ಸೋರ್ಸ್ ಒಂದು ಜಾರ್ ಎರಡು. ಈಗ ಐದು ಆಪ್ 10.1ರಲ್ಲಿವೆ, ಎರಡು 9ರಲ್ಲೇ ಇವೆ, ಒಟ್ಟು ಖರ್ಚು ಆ ಕೊಟೇಶನ್ನಿನ ಹತ್ತನೇ ಒಂದು ಭಾಗನೂ ಮುಟ್ಟಿಲ್ಲ, ಬೆಟ್ ದುಡ್ಡು ಮಾತ್ರ ಇನ್ನೂ ವಸೂಲಾಗಿಲ್ಲ.